ಕೌದಿ ಖೋಲಿಯ ಸೋಲೋ ಆಲ್ಬಮ್

ಡಾಕ್ಟ್ರ ಬಗ್ಗೆ ಲಂಡನ್ ಕನ್ನಡ ಸಂಘದ ಸಂಚಿಕೆಗೆ ಎರಡು ಪುಟ ಬರ್ಕೊಡು ಅಂತ, ಅದನ್ನ ನೋಡ್ಕೊಳ್ಳೋ ಕ್ವೀನ್ಸ್‌ಬರಿ ಆಂಟಿ ಫೋನ್ ಮಾಡಿದಾಗ ನಾನು ಟ್ರಾಮಲ್ಲಿ ನಿಂತ್ಕೊಂಡು ಸ್ಯಾಂಡ್‌ವಿಚ್ ತಿಂತಿದ್ದೆ. ಡಾಕ್ಟ್ರು ಕ್ರೋಯ್ಡನ್ ಬಿಟ್ಟು ಸ್ಕಾಟ್ಲೆಂಡ್ ಕಡೆ ಒಂದು ಆಸ್ಪತ್ರೆಗೆ ಹೋಗ್ತಿದಾರೆ. ಬೀಳ್ಕೊಡುಗೆ ಊಟ ಆಯ್ತು, ಶಾಲು ಹೊದಿಸಿದ್ದಾಯ್ತು, ಈಗ ಅಚ್ಚಲ್ಲೂ ಒಂದು ಬೀಳ್ಕೊಡುಗೆ ಆಗ್ಬೇಕಂತೆ. ಆಂಟಿ ಷರತ್ತು ಹಾಕಿದ್ರು: ಅವರ ಆಸ್ಪತ್ರೆ ಸೇವೆ ಬಗ್ಗೆ ಬರಿ, ಸಂಘದ ಪ್ರತಿ ಕಾರ್ಯಕ್ರಮಕ್ಕೂ ಮೈಕ್ ಸೆಟ್ ಹೊತ್ಕೊಂಡು ಬರ್ತಿದ್ದದ್ದು ಬರಿ, ಆ ಹಿಪ್-ಹಾಪ್ ವಿಷಯ ಜಾಸ್ತಿ ಬೇಡ. ಫೋನ್ ಇಡೋ ಮುಂಚೆ, ಅದರಲ್ಲಿ ತಾವು ಹಾಡಿರೋ ಭಾಗ ಮಾತ್ರ ಬರೀಬಹುದು, ಅದು ಚೆನ್ನಾಗಿ ಬಂದಿದೆ ಅಂದ್ರು.

ಡಾಕ್ಟ್ರಿಗೆ ಹೇಳಿದೆ. ಅವರದ್ದೂ ಒಂದು ಷರತ್ತು. "ಬರದ್ರ ಬರಿ ತಮ್ಮಾ. ಹೆಸರು ಮಾತ್ರ ಹಾಕಬ್ಯಾಡ. ನಾಳೆ ಹೊಸಾ ಆಸ್ಪತ್ರ್ಯಾಗ ಯಾರರೆ ಮಶೀನಿಗೆ ಹಾಕಿ ಇಂಗ್ಲಿಷ್ ಮಾಡಿ ಓದಿದ್ರ, ನಂಗ ಅಲ್ಲಿ ಮಾರಿ ತೋರ್ಸೂದು ಕಷ್ಟ ಆಗ್ತದ."

ಹೆಸರು ಬೇಡ, ಹಿಪ್-ಹಾಪ್ ಬೇಡ. ಮೈಕ್ ಸೆಟ್ ಬಗ್ಗೆ ಎರಡು ಪುಟ ಬರೆಯೋ ಅಷ್ಟು ಪ್ರತಿಭೆ ನನಗಿಲ್ಲ. ಹಾಗಾಗಿ ಆಂಟಿ ಮಾತನ್ನ ಮೀರ್ತಿದೀನಿ. ಮುಂದಿನ ಯುಗಾದೀಲಿ ನನಗೆ ಹೋಳಿಗೆ ಸಿಗಲ್ಲ ಅಂತ ಗೊತ್ತಿದ್ದೇ ಮೀರ್ತಿದೀನಿ.

ಡಾಕ್ಟ್ರು ಅಂದ್ರೆ ಅರಿವಳಿಕೆ ಡಾಕ್ಟ್ರು. ಆಪರೇಷನ್‌ಗೆ ಮುಂಚೆ ಮೂಗಿಗೆ ಮಾಸ್ಕ್ ಹಿಡಿದು ಜನರನ್ನ ಮಲಗಿಸೋರು. ಧಾರವಾಡದ ಮನುಷ್ಯ, ಈ ದೇಶಕ್ಕೆ ಬಂದು ಅರ್ಧ ಆಯಸ್ಸಾಗಿದ್ರೂ ಬಾಯಲ್ಲಿ ಇನ್ನೂ ಧಾರವಾಡವೇ. ಉದ್ದಕ್ಕಿದಾರೆ, ಸ್ವಲ್ಪ ಬಾಗಿದಾರೆ. ಕಣ್ಣು ಯಾವಾಗ್ಲೂ ಅರ್ಧ ಮುಚ್ಚಿರತ್ತೆ, ತಮ್ಮ ಔಷಧಿ ತಾವೇ ಸ್ವಲ್ಪ ರುಚಿ ನೋಡಿ ಬಂದೋರ ಥರ. ಹೇಗಿದೀರಿ ಅಂದ್ರೆ ಸಾಕಾಗ್ಯದ ಅಂತಿದ್ರು. ಊಟ ಆಯ್ತಾ ಅಂದ್ರೂ ಸಾಕಾಗ್ಯದ. ಹಾಗಂದು ಎದ್ದು ಹೋಗಿ ಇನ್ನೊಂದು ಕೆಲಸಕ್ಕೆ ಕೈ ಹಾಕ್ತಿದ್ರು. ಅವರ ಸುಸ್ತು ಅಂದ್ರೆ ಒಂಥರಾ ಹಳೇ ಕಾರಿನ ಶಬ್ದ ಇದ್ದ ಹಾಗೆ. ಶಬ್ದ ಮಾಡ್ಕೊಂಡೇ ಗಾಡಿ ಓಡ್ತಿತ್ತು.

ಇಂಥೋರು ಬಿಡುವಿದ್ದಾಗ ಹಿಪ್-ಹಾಪ್ ಬೀಟ್ ಮಾಡ್ತಾರೆ ಅಂತ ನನಗೆ ಮೊದ್ಲು ಗೊತ್ತಿರ್ಲಿಲ್ಲ. ನಾನು ಮೈಸೂರಿಂದ ಬಂದು, ಇಲ್ಲೊಂದು ಆಸ್ಪತ್ರೆ ಫಾರ್ಮಸೀಲಿ ಮಾತ್ರೆ ಎಣಿಸ್ಕೊಂಡಿದ್ದ ಹುಡುಗ. ಕಾಲೇಜಲ್ಲಿ ಒಂದ್ಸಲ ರ‍್ಯಾಪ್ ಮಾಡಿದ್ದೆ ಅಂತ ಬಾಯಿ ತಪ್ಪಿ ಹೇಳಿದ್ದಕ್ಕೆ, ಸಂಘದೋರು ವೆಂಬ್ಲಿ ಹತ್ರದ ಸ್ಕೂಲ್ ಹಾಲಲ್ಲಿ ಯುಗಾದಿ ಕಾರ್ಯಕ್ರಮದಲ್ಲಿ ನನ್ನನ್ನ ಸ್ಟೇಜ್ ಹತ್ತಿಸಿದ್ರು. ಎರಡನೇ ಸಾಲಿಗೇ ನನಗೆ ಪದ ಮರ್ತೋಯ್ತು. ಪದ ಮರೆತ ರ‍್ಯಾಪರ್‌ಗಳು ಏನ್ ಮಾಡ್ತಾರೋ ಅದನ್ನೇ ಮಾಡಿದೆ: ಎಲ್ರೂ ಕೈ ಎತ್ತಿ, ಎಲ್ರೂ ಕೈ ಎತ್ತಿ ಅಂತ ಕೂಗ್ತಾ ಹೋದೆ. ಮುಂದಿನ ಸಾಲಿನ ಹಿರಿಯರೆಲ್ಲ ಕಾರ್ಯಕಾರಿ ಸಮಿತಿ ಆಯ್ಕೆ ನಡೀತಿದೆ ಅಂದ್ಕೊಂಡು ಗಂಭೀರವಾಗಿ ಕೈ ಎತ್ತಿದ್ರು. ಒಬ್ರು ನನ್ನ ವಿರುದ್ಧ ಮತ ಹಾಕ್ತೀನಿ ಅಂತ ಕೈ ಕೆಳಗಿಟ್ರು.

ಇಳಿದು ಬಂದಾಗ ಡಾಕ್ಟ್ರು ಮೈಕ್ ವೈರ್ ಸುತ್ತುತಾ ಕೂತಿದ್ರು. ತಲೆ ಎತ್ತದೆ ಹೇಳಿದ್ರು, ನಿನ್ನ ಹಾಡು ಇರ್ಲಿ, ಅದಕ್ಕೆ ಮುಂಚೆ ಗಂಟಲು ಸರಿ ಮಾಡ್ಕೊಂಡೆಯಲ್ಲ, ಅದು ಛಲೋ ಇತ್ತು, ಶನಿವಾರ ಮನೆಗೆ ಬಾ ಅಂತ.

ಶನಿವಾರ ನಾನು ಹೋದ ಚಂದ ನೋಡ್ಬೇಕಿತ್ತು. ಸ್ಟುಡಿಯೋಗೆ ಹೋಗ್ತಿರೋನು ಅಂದ್ರೆ ಹಾಗೇ ಕಾಣ್ಬೇಕು ಅಂತ ಕಪ್ಪು ಕನ್ನಡಕ, ಈಲಿಂಗ್ ರೋಡಲ್ಲಿ ತಗೊಂಡ ಗಿಲೀಟು ಚೈನು. ಕಪ್ಪು ಕನ್ನಡಕದಲ್ಲಿ ಟ್ರಾಮ್ ಬೋರ್ಡ್ ಕಾಣದೆ ನ್ಯೂ ಆಡಿಂಗ್ಟನ್‌ಗೆ ಹೋಗಿ ಇಳಿದೆ. ಅಲ್ಲಿಂದ ವಾಪಸ್ ಬಂದು ಅವರ ಬಾಗಿಲು ತಟ್ಟೋ ಹೊತ್ತಿಗೆ ಬೆವರಿಗೆ ಚೈನು ಬಣ್ಣ ಬಿಟ್ಟು ಕತ್ತು ಹಸಿರಾಗಿತ್ತು. ಬಾಗಿಲು ತೆಗೆದ ಡಾಕ್ಟ್ರ ಹೆಂಡತಿ ಜಿಪಿ, ಅಂದ್ರೆ ಬಡಾವಣೆಯ ಕ್ಲಿನಿಕ್ ಡಾಕ್ಟ್ರು, ನನಗೆ ಅಕ್ಕ. ಅಕ್ಕ ನನ್ನ ಕತ್ತನ್ನೇ ನೋಡಿ, ಇದು ಎಷ್ಟು ದಿನದಿಂದ ಹಿಂಗದ ಅಂತ ಕೇಳಿದ್ರು.

ಸ್ಟುಡಿಯೋ ಅಂದ್ರೆ ಮಹಡಿ ಮೇಲಿನ ಚಿಕ್ಕ ಬಾಕ್ಸ್ ರೂಮ್. ಅಕ್ಕ ಅದಕ್ಕೆ ಆ ಖೋಲಿ ಅಂತಿದ್ರು, ಹೆಸರು ಹೇಳ್ಬಾರದ ಜಾಗ ಅನ್ನೋ ಥರ. ಒಂದು ಕಂಪ್ಯೂಟರ್, ಎರಡು ಸ್ಪೀಕರ್, ಒಂದು ಮೈಕ್. ಶಬ್ದ ಹೊರಗೆ ಹೋಗಬಾರದು ಅಂತ ಗೋಡೆ ತುಂಬಾ ಕೌದಿ ಜಡಿದಿದ್ರು. ಧಾರವಾಡದಿಂದ ಬಂದ ಹಳೇ ಸೀರೆ ತುಂಡುಗಳ ಕೌದಿ, ಯಾರ್ಯಾರದೋ ಇಳಕಲ್ ಸೆರಗು, ಯಾರದೋ ಲಂಗದ ಅಂಚು. ನೆಂಟರು ಬಂದಾಗ ಅಕ್ಕ ಒಂದು ಕೌದಿ ಬಿಚ್ಕೊಂಡು ಹೋಗಿ ಅವರಿಗೆ ಹೊದಿಸ್ತಿದ್ರು. ಆ ವಾರ ಡಾಕ್ಟ್ರು ರೆಕಾರ್ಡ್ ಮಾಡ್ತಿರ್ಲಿಲ್ಲ. ನೆಂಟರು ಮಲಗ್ಯಾರ, ಗ್ವಾಡಿ ಬತ್ತಲಾಗ್ಯದ ಅಂತಿದ್ರು.

ಅವರ ಕೆಲಸದ ರೀತಿ ವಿಚಿತ್ರ. ಬೇರೆ ಕಡೆ ಪ್ರೊಡ್ಯೂಸರ್ ಬೀಟ್ ಮಾಡಿ ಕೊಡ್ತಾನೆ, ಹಾಡೋನು ಬಂದು ಅದರ ಮೇಲೆ ಹಾಡ್ತಾನೆ. ಡಾಕ್ಟ್ರು ಉಲ್ಟಾ. ಮೊದ್ಲು ಅವಲಕ್ಕಿ, ಆಮೇಲೆ ಚಹಾ. ಮೈಕ್ ಹಚ್ಚೀನಿ, ನಡೀತದಲ್ಲ ಅಂತ ಒಪ್ಪಿಗೆ ಕೇಳಿ ಸುಮ್ನೆ ಮಾತಾಡಿಸ್ತಾ ಕೂರ್ತಿದ್ರು. ಮನೆ ಬಾಡಿಗೆ, ಮಂಡಿ ನೋವು, ಕೌನ್ಸಿಲ್‌ನೋರು ಕಸದ ಡಬ್ಬಿ ಒಯ್ಯದೇ ಹೋದದ್ದು. ಬಂದೋರು ಹೋದ್ಮೇಲೆ ಆ ಮಾತನ್ನ ಹಾಕ್ಕೊಂಡು, ಪದ ಬಿಟ್ಟು ಉಸಿರು ಕೇಳೋರು. ಎಲ್ಲಿ ಎಳೀತಾರೆ, ಎಲ್ಲಿ ತಡೀತಾರೆ, ಎಲ್ಲಿ ಬಿಡ್ತಾರೆ. ಆ ಉಸಿರಿನ ನಡಿಗೆ ಮೇಲೆ ಬೀಟ್ ಕಟ್ಟೋರು. ಆಮೇಲೇ ಹಾಡೋಕೆ ಕರೆಯೋರು. ಆಪರೇಷನ್ ಥಿಯೇಟರಲ್ಲೂ ಹಾಗೇ ಅಂತೆ. ಮಶೀನಿನ ಟಿಕ್ ಟಿಕ್ ಶ್ರುತಿ ಇಳೀತು ಅಂದ್ರೆ ಪರದೆ ನೋಡೋಕೆ ಮೊದ್ಲೇ ಕಿವಿ ನಿಮಿರತ್ತೆ ಅಂತಿದ್ರು.

ಹಾಗೇ ಒಂದು ಶನಿವಾರ ನನ್ನನ್ನೂ ಕರೆದ್ರು, ನಾನು ಹಾಡಿದೆ. ಕೈ ಬೀಸಿ, ಮೈ ಬಗ್ಗಿಸಿ, ಕೌದಿಗೆ ಗುದ್ದಿ ಹಾಡಿದೆ. ಡಾಕ್ಟ್ರು ಹೆಡ್‌ಫೋನ್ ತೆಗೆದಿಟ್ರು. "ತಮ್ಮಾ, ನೀ ಉಸಿರು ತೊಗೊಳ್ಳೂದಽ ಮರ್ತಿ. ನನ್ನ ಟೇಬಲ್ ಮ್ಯಾಲೆ ಯಾರರೆ ಹಿಂಗ ಮಾಡಿದ್ರ, ನಾ ಇಷ್ಟೊತ್ತಿಗೆ ನಾಕು ಮಂದೀನ್ನ ಕರೀತಿದ್ದೆ."

ಡಾಕ್ಟ್ರು ಹೀಗೆ ಕಟ್ತಿದ್ದ ಆಲ್ಬಮಲ್ಲಿ ಕೊನೆಗೆ ನನ್ನದು ಉಳಿದದ್ದು ಒಂದು 'ಹಾಂ'. ಅವರ ಆಸ್ಪತ್ರೆ ಪೋರ್ಟರ್ ಒಬ್ರ ಹಾಡಿನ ಮಧ್ಯೆ ಎಲ್ಲೋ ಒಂದು ಕಡೆ ಬರತ್ತೆ. ಆದ್ರೆ ಹಾಡಿದವರ ಸಾಲಲ್ಲಿ ನನ್ನ ಪೂರ್ತಿ ಹೆಸರು ಹಾಕಿದಾರೆ. ಮೈಸೂರಲ್ಲಿ ನಮ್ಮಮ್ಮ ಅಕ್ಕಪಕ್ಕದೋರನ್ನೆಲ್ಲ ಕೂರಿಸ್ಕೊಂಡು ಆ ಹಾಡು ಹಾಕ್ತಾರೆ. ತಡೀರಿ ತಡೀರಿ ಈಗ ಬರತ್ತೆ ಅಂತಾರೆ, ಬರತ್ತೆ, ಅಷ್ಟರಲ್ಲಿ ಯಾರೋ ಕೆಮ್ಮಿರ್ತಾರೆ, ಮತ್ತೆ ಮೊದಲಿಂದ ಹಾಕ್ತಾರೆ.

ಹಾಡಿನಲ್ಲಿ ಸೋತ ಮೇಲೆ ನನಗೆ ಅಲ್ಲಿ ವೈರ್ ಸುತ್ತೋ ಕೆಲಸ ಸಿಕ್ತು. ಹೆಚ್ಚುಕಡಿಮೆ ಪ್ರತಿ ಶನಿವಾರ ಹೋಗ್ತಿದ್ದೆ. ಅವಲಕ್ಕಿಗೋಸ್ಕರ ಅಂದ್ರೂ ಪರವಾಗಿಲ್ಲ.

ಕ್ವೀನ್ಸ್‌ಬರಿ ಆಂಟಿ ಭಾಗ ಇಲ್ಲೇ ಬರೆದು ಮುಗಿಸ್ತೀನಿ, ಇಲ್ಲಾಂದ್ರೆ ಸಂಚಿಕೆ ಅಚ್ಚಾಗಲ್ಲ. ಡಾಕ್ಟ್ರು ಅವರ ಹತ್ರ ಒಂದು ಹಳೇ ಆರತಿ ಹಾಡು ಕೇಳಿದ್ರು, ಒಬ್ರೇ ಬನ್ನಿ, ನಾಲ್ಕು ಸಾಲು ಸಾಕು ಅಂದಿದ್ರು. ಆಂಟಿ ರೇಷ್ಮೆ ಸೀರೆ ಉಟ್ಟ ಮಹಿಳಾ ಮಂಡಳಿನೇ ಕರ್ಕೊಂಡು, ಹಾರ್ಮೋನಿಯಂ ಹೊರಿಸ್ಕೊಂಡು, ಮೂರು ರೈಲು ಬದಲಾಯಿಸಿ ಬಂದ್ರು. ಆ ಬಾಕ್ಸ್ ರೂಮಲ್ಲಿ ಅಷ್ಟು ಜನ ನಿಂತ್ರೆ ಉಸಿರಾಡೋಕೂ ಸರದಿ ಬೇಕು. ನನ್ನನ್ನ ಮೆಟ್ಟಿಲ ಮೇಲೆ ಕೂರಿಸಿದ್ರು. ರೆಕಾರ್ಡ್ ಒತ್ತಿದ ತಕ್ಷಣ ಆಂಟಿ ಮುಂದೆ ಬಂದು, ವೇದಿಕೆ ಮೇಲೆ ಆಸೀನರಾಗಿರುವ ಅಂತ ಸ್ವಾಗತ ಭಾಷಣ ಶುರು ಮಾಡಿದ್ರು. ಆಮೇಲೆ ಒಬ್ರು ನಿರೂಪಣೆ. ಆಮೇಲೆ ಪ್ರಾರ್ಥನೆ. ಆಮೇಲೆ ಆರತಿ ಹಾಡು. ಕೊನೆಗೆ ವಂದನಾರ್ಪಣೆ. ಜಾಗ ಕೊಟ್ಟ ಡಾಕ್ಟ್ರಿಗೆ, ಚಹಾ ಕೊಟ್ಟ ಅಕ್ಕಂಗೆ, ಧ್ವನಿವರ್ಧಕಕ್ಕೆ, ಸಕಾಲಕ್ಕೆ ಬಂದ ಜ್ಯೂಬಿಲಿ ಲೈನ್ ರೈಲಿಗೆ, ಕೊನೇದಾಗಿ ಮೆಟ್ಟಿಲ ಮೇಲೆ ಶಾಂತವಾಗಿ ಕೂತು ಸಹಕರಿಸಿದ ಸಭಿಕರಿಗೆ ಅಂತ. ಸಭಿಕರು ಅಂದ್ರೆ ನಾನು.

ನಾನು ನಗು ತಡೆಯೋಕಾಗದೆ ಕೆಳಗೆ ಓಡಿದೆ. ಡಾಕ್ಟ್ರು ನಗ್ಲಿಲ್ಲ. ಎರಡು ವಾರ ಆ ವಂದನಾರ್ಪಣೆ ಹಿಡ್ಕೊಂಡು ಕೂತ್ರು. ಆರತಿ ಹಾಡನ್ನ ಹಿಂದೆ ಸಣ್ಣಗಿಟ್ಟು, ಮುಂದೆ ಆಂಟಿ ಒಬ್ಬೊಬ್ಬರಿಗೇ ಧನ್ಯವಾದ ಹೇಳ್ತಾ ಹೋಗೋದು, ಅದರ ಕೆಳಗೆ ದಪ್ಪ ಡ್ರಮ್ಮು. ಕೇಳಿದ್ರೆ ಯಾರೋ ಈ ಊರನ್ನೇ ಬಿಟ್ಟು ಹೋಗ್ತಾ ಎಲ್ಲರಿಗೂ ಕೈ ಮುಗೀತಿದಾರೆ ಅನ್ಸತ್ತೆ. ಆಂಟಿಗೆ ಮೊದ್ಲು ಸಿಟ್ಟು ಬಂತು, ಹಾಡು ಹಿಂದೆ ಹೋಯ್ತಲ್ಲ ಅಂತ. ಆಮೇಲೆ ಅವರ ಮೊಮ್ಮಕ್ಕಳು ಅದನ್ನ ಕಾರಲ್ಲಿ ಹಾಕ್ಕೊಂಡು ತಿರುಗ್ತಿದಾರೆ ಅಂತ ಗೊತ್ತಾದ್ಮೇಲೆ ಸುಮ್ನಾದ್ರು.

ಪೋರ್ಟರ್ ಅಂದೆನಲ್ಲ, ಅವರು ಡಾಕ್ಟ್ರ ಆಸ್ಪತ್ರೇಲಿ ರೋಗಿಗಳ ಮಂಚ ತಳ್ಳೋರು. ಅವರ ಅಪ್ಪ ಅಮ್ಮ ಜಮೈಕಾದಿಂದ ಬಂದೋರು. ವಯಸ್ಸಿದ್ದಾಗ ದಕ್ಷಿಣ ಲಂಡನ್ನಿನ ಕ್ಲಬ್ಬುಗಳಲ್ಲೆಲ್ಲ ಮೈಕ್ ಹಿಡಿದೋರಂತೆ, ಈಗ ಮಂಡಿ ಹಿಡಿದಿದೆ. ಇಬ್ರೂ ಡ್ಯೂಟಿ ಮುಗಿಸಿ ಮಧ್ಯಾಹ್ನ ಆ ರೂಮಿಗೆ ಬಂದು, ಚಹಾ ಕುಡಿದು, ಕುರ್ಚೀಲೇ ನಿದ್ದೆ ಹೋಗೋರು. ಒಂದ್ಸಲ ನಾನು ರೆಕಾರ್ಡಿಂಗ್ ನಿಲ್ಲಿಸೋದು ಮರೆತು, ಇಬ್ಬರ ಗೊರಕೆ ಪೂರ್ತಿ ಒಂದು ಫೈಲ್ ಆಗಿ ಕೂತಿತ್ತು. ಡಾಕ್ಟ್ರು ಅದನ್ನ ಕೇಳಿ, ಇಂವ ನನ್ನಕಿಂತಾ ಸುರಿನ್ಯಾಗ ಗೊರಕಿ ಹೊಡೀತಾನ ಅಂತ ಹೊಟ್ಟೆ ಉರ್ಕೊಂಡ್ರು. ಪೋರ್ಟರ್ ಹಾಡಿದ್ದು ಅವರ ಕೆಲಸದ ಬಗ್ಗೆನೇ. ಮಂಚದ ಮೇಲೆ ಮಲಗಿ ಹೋಗೋರಿಗೆ ಆಸ್ಪತ್ರೆ ಅಂದ್ರೆ ಬರೀ ಛಾವಣಿ, ಒಂದಾದ್ಮೇಲೊಂದು ಟ್ಯೂಬ್‌ಲೈಟು, ಮತ್ತೆ ತಲೆಕೆಳಗಾಗಿ ಕಾಣೋ ಮಂಚ ತಳ್ಳೋನ ಗದ್ದ ಅಂತ. ಇಂಗ್ಲಿಷಲ್ಲಿ ಕೇಳ್ಬೇಕು ಅದನ್ನ. ನಾನು ಹೇಳಿದ್ರೆ ಬರೀ ಗದ್ದ ಉಳಿಯತ್ತೆ.

ಒಂದಿನ ನಾನು ಕೇಳಿಬಿಟ್ಟೆ. ಇದನ್ನ ನಿಮ್ಮ ಸೋಲೋ ಆಲ್ಬಮ್ ಅಂತೀರಿ, ಹಾಡಿನಲ್ಲೆಲ್ಲ ಬೇರೆಯೋರೇ ಇದಾರೆ, ನಿಮ್ಮ ಒಂದು ಕೆಮ್ಮೂ ಇಲ್ಲ, ಇದ್ಯಾವ ಸೀಮೆ ಸೋಲೋ ಅಂತ. ಇಷ್ಟು ವರ್ಷ ಬೇರೆ ರ‍್ಯಾಪರ್‌ಗಳಿಗೆ ಬೀಟ್ ಮಾಡಿ ಕೊಟ್ಟು, ಅವರ ಆಲ್ಬಮ್ ಹಿಂಭಾಗದಲ್ಲಿ ಇರುವೆ ಸಾಲಿನ ಥರ ಹೆಸರು ಹಾಕಿಸ್ಕೊಂಡ ಮನುಷ್ಯ ಅವರು. ತಮ್ಮದೇ ಅಂತ ಮಾಡ್ತಿದ್ದದ್ದು ಇದೊಂದೇ. ಡಾಕ್ಟ್ರು ಚಹಾ ಸೋಸ್ತಾ ಹೇಳಿದ್ರು, "ಮದಿವಿ ಮನ್ಯಾಗ ಅಡಗಿ ಮಾಡಾಂವ ಪಂಕ್ತಿಗೆ ಕೂಡ್ತಾನೇನು? ಆದ್ರ ಅವತ್ತಿನ ಊಟ ಅವಂದಽ."

ಆ ಊಟದಲ್ಲಿ ಒಂದು ಎಲೆ ಖಾಲಿ ಇತ್ತು. ಆಲ್ಬಮಿನ ಕೊನೇ ಹಾಡು. ಬೀಟ್ ಎಲ್ಲಾ ರೆಡಿ, ನಡುವೆ ಹದಿನಾರು ಸಾಲು ಹಾಡೋಕೆ ಜಾಗ ಬಿಟ್ಟಿದ್ರು. ಅದಕ್ಕೆ ಯಾರನ್ನೂ ಕರೀತಿರ್ಲಿಲ್ಲ. ಪೋರ್ಟರ್ ನಾನು ಹಾಡ್ಲಾ ಅಂದ್ರೆ ಕೇಳಿಸದೋರ ಥರ ಇದ್ಬಿಡ್ತಿದ್ರು. ಅದು ಮಗಳಿಗೆ.

ಮಗಳಿಗೆ ಆಗ ಹದಿನೆಂಟು. ಶಾಲೆ ಮುಗೀತಾ ಬಂದಿತ್ತು, ಬೇಸಿಗೆ ಕಳೆದ್ರೆ ಲೀಡ್ಸ್‌ಗೆ ಓದೋಕೆ ಹೊರಡೋಳು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥ ಆಗ್ತಿತ್ತು, ಉತ್ತರ ಮಾತ್ರ ಇಂಗ್ಲಿಷಲ್ಲಿ. ಆ ಮನೇಲಿ ಅದೊಂದು ಒಪ್ಪಂದ ಆಗೋಗಿತ್ತು, ಯಾರಿಗೂ ಬೇಜಾರಿರ್ಲಿಲ್ಲ, ಅಥವಾ ಹಾಗೆ ತೋರಿಸ್ಕೊಂಡಿದ್ರು. ಅವಳು ತನ್ನ ರೂಮಲ್ಲಿ ಬಾಗಿಲು ಹಾಕ್ಕೊಂಡು ತಾನೇ ಬರೆದ ಸಾಲುಗಳನ್ನ ಹೇಳ್ಕೊಳ್ತಿದ್ಳು. ಬಾಕ್ಸ್ ರೂಮ್ ಪಕ್ಕದ ಗೋಡೆನೇ. ಕೌದಿ ಇದ್ರೂ ಕೇಳ್ತಿತ್ತು. ಕೇಳ್ತದ ಅಂತ ಡಾಕ್ಟ್ರು ಅವಳಿಗೆ ಯಾವತ್ತೂ ಹೇಳಿರ್ಲಿಲ್ಲ. ಕೊನೇ ಹಾಡಿನ ಡ್ರಮ್ ಅವಳು ಮೆಟ್ಟಿಲು ಹತ್ತೋ ರೀತಿ ಅಂತ ನನಗೆ ಒಂದಿನ ಗೊತ್ತಾಯ್ತು. ಎರಡೆರಡು ಮೆಟ್ಟಿಲು ಹಾರಿ, ಮೇಲಿನದ್ದಕ್ಕೆ ಬಂದಾಗ ಒಂದು ಕ್ಷಣ ನಿಂತು, ಆಮೇಲೆ ದಡಕ್ ಅಂತ ಬಾಗಿಲು. ಅದೇ ಬೀಟು.

ಇಷ್ಟೆಲ್ಲ ಮಾಡಿದ ಮನುಷ್ಯ ಅವಳನ್ನ ಕೇಳಿರ್ಲಿಲ್ಲ. ಹಾಡ್ತೀಯಾ ಅಂತ ಒಂದು ಮಾತು. ಇವತ್ತು ಅಕಿಗೆ ಪರೀಕ್ಷಾ ಅದ, ಇವತ್ತು ಅಕಿ ಮೂಡ್ ಸರಿ ಇಲ್ಲ, ಇವತ್ತು ನಂಗ ಸಾಕಾಗ್ಯದ. ತಿಂಗಳುಗಳು ಹೋದ್ವು. ಆಮೇಲೆ ಅವರು ಜೀವನದ ದೊಡ್ಡ ತಪ್ಪು ಮಾಡಿದ್ರು, ನನ್ನನ್ನ ರಾಯಭಾರಿ ಮಾಡಿ ಕಳಿಸಿದ್ರು.

ಅವಳು ಅಡುಗೆಮನೇಲಿ ಟೋಸ್ಟ್ ಮಾಡ್ಕೊಳ್ತಿದ್ಳು. ನಾನು ಹುಡುಗರ ಭಾಷೇಲಿ ಮಾತಾಡ್ಬೇಕು ಅಂತ ಹಿಂದಿನ ದಿನ ವಿಡಿಯೋ ನೋಡಿ ಎರಡು ಲಂಡನ್ ಪದ ಕಲ್ತಿದ್ದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಿದೆ. ಅವಳು ಪಾಪ ಅನ್ನೋ ಥರ ನೋಡಿ, ಹುಷಾರಿದೀರಾ ಅಂತ ಕೇಳಿದ್ಳು. ಕೊನೆಗೆ ಸೀದಾ ಹೇಳಿದೆ, ನಿಮ್ಮಪ್ಪ ನಿನಗೋಸ್ಕರ ಒಂದು ಹಾಡು ಇಟ್ಕೊಂಡು ಕೂತಿದಾರೆ, ಹಾಡಿಬಿಡು ಅಂತ. ಅವಳು ಬೆಣ್ಣೆ ಹಚ್ಚೋದು ನಿಲ್ಲಿಸಿದ್ಳು. ಅವಳ ಇಂಗ್ಲಿಷನ್ನ ನನ್ನ ಕನ್ನಡದಲ್ಲಿ ಹೇಳೋದಾದ್ರೆ ಹೀಗೆ:

"ಅಪ್ಪ ಕ್ವೀನ್ಸ್‌ಬರಿ ಆಂಟಿನ ಕೇಳಿದಾರೆ. ಪೋರ್ಟರ್‌ನ ಕೇಳಿದಾರೆ. ಹೋಗ್ಲಿ, ನಿಮ್ಮನ್ನೂ ಕೇಳಿದಾರೆ. ನನ್ನನ್ನ ಕೇಳೋಕೆ ಮಾತ್ರ ಜನ ಕಳಿಸ್ತಾರಾ?"

ಆ 'ಹೋಗ್ಲಿ' ಅನ್ನೋದರ ನೋವು ನನಗೆ ಇನ್ನೂ ಇದೆ. ಅದು ಬೇರೆ ವಿಷಯ.

ಮೇಲೆ ಹೋಗಿ ಡಾಕ್ಟ್ರಿಗೆ ಹೇಳಿದೆ. ಅವರು ಸ್ಪೀಕರಿನ ಧೂಳು ಒರೆಸ್ತಾ ಇದ್ರು, ಒರೆಸ್ತಾನೇ ಇದ್ರು. ಆಮೇಲೆ, "ದಿನಾ ಗುರ್ತಿಲ್ಲದ ಮಂದಿಗೆ, ನಿಮ್ಮ ಉಸಿರು ಸ್ವಲ್ಪ ಹೊತ್ತು ನನ್ನ ಕೈಯಾಗ ಕೊಡ್ರಿ ಅಂತ ಕೇಳ್ತೀನಿ ತಮ್ಮಾ. ಅಂಜಿಕಿ ಆಗೂದಿಲ್ಲ. ಇಕೀನ್ನ ಕೇಳಿ, ಇಕಿ ಬ್ಯಾಡ ಅಂದ್ಲಂದ್ರ?" ಅಂದ್ರು. ನಾನು ಕೂತು ವೈರ್ ಸುತ್ತಿದೆ. ಆಗಲೇ ಸುತ್ತಿಟ್ಟಿದ್ದ ವೈರು, ಬಿಚ್ಚಿ ಮತ್ತೆ ಸುತ್ತಿದೆ.

ಲೀಡ್ಸ್‌ಗೆ ಹೋಗೋ ದಿನ ಸಾಮಾನು ಹೊರೋಕೆ ನನ್ನನ್ನೂ ಕರ್ಕೊಂಡ್ರು. ಅಕ್ಕಂಗೆ ಕ್ಲಿನಿಕ್ಕಿಗೆ ಹೋಗೋದಿತ್ತು, ಬಾಗಿಲಲ್ಲೇ ಮಗಳನ್ನ ತಬ್ಕೊಂಡು ಒಳಗೆ ಹೋಗಿಬಿಟ್ರು. ಹಿಂದಿನ ಸೀಟಲ್ಲಿ ನಾನು, ನನ್ನ ತೊಡೆ ಮೇಲೆ ಕುಕ್ಕರ್, ಕುಕ್ಕರ್ ಮೇಲೆ ದಿಂಬು, ದಿಂಬಿನ ಮೇಲೆ ನನ್ನ ಗದ್ದ. ಚಟ್ನಿಪುಡಿ ಡಬ್ಬಿ ಮುಚ್ಚಳ ಸರಿಯಾಗಿ ಹಾಕೋ ಜವಾಬ್ದಾರಿ ನನ್ನದಿತ್ತು ಅಂತ ಕಾರಿನ ತುಂಬಾ ಘಮ ಬಂದ್ಮೇಲೆ ನೆನಪಾಯ್ತು. ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ದಾರೀಲಿ ಒಂದು ಸರ್ವೀಸ್ ಸ್ಟೇಷನ್ನಲ್ಲಿ ಕಾಫಿಗೆ ನಿಲ್ಸಿದ್ವಿ. ನಾನು ಇಲ್ಲದಿರೋದೇ ವಾಸಿ ಅಂತ ಟ್ರೇ ತರೋಕೆ ಹೋದೆ, ಆದ್ರೆ ಕಿವಿ ಇಲ್ಲೇ ಬಿಟ್ಟು ಹೋದೆ. ಡಾಕ್ಟ್ರು ಕೇಳಿದ್ರು. ಪೀಠಿಕೆ ಇಲ್ಲ, ಏನಿಲ್ಲ.

"ಕಡೀ ಹಾಡಿನ್ಯಾಗ ಒಂದು ಜಾಗಾ ನಿನಗಂತ ಇಟ್ಟೀನವಾ. ಹಾಡ್ತೀ?"

ಅವಳು ಪೇಪರ್ ನ್ಯಾಪ್ಕಿನ್ನಿನ ಅಂಚನ್ನ ಹರೀತಾ ಕೂತಿದ್ಳು. ಆಮೇಲೆ ಇಂಗ್ಲಿಷಲ್ಲಿ, ಬಹಳ ಮೆತ್ತಗೆ, ಬೇಡ ಅಂದ್ಳು. ಕೇಳಿದ್ದಕ್ಕೆ ಖುಷಿ ಆಯ್ತು, ಆದ್ರೆ ಬೇಡ. ತಾನು ಬರೆಯೋದನ್ನ ಇನ್ನೂ ಯಾರಿಗೂ ಕೇಳಿಸಿಲ್ಲ, ಮೊದಲನೇ ಸಲ ಕೇಳೋದು ಅಪ್ಪನ ಆಲ್ಬಮಲ್ಲಿ ಆಗ್ಬಾರದು ಅಂದ್ಳು. ನ್ಯಾಯವಾದ ಮಾತು. ನಾನು ಅವಳ ಜಾಗದಲ್ಲಿದ್ರೂ ಅದನ್ನೇ ಹೇಳ್ತಿದ್ದೆ, ಇಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ ಅಷ್ಟೇ. ಡಾಕ್ಟ್ರು "ಆತು" ಅಂದ್ರು. ಚಿಪ್ಸ್ ಬೇಕೇನು ಅಂತ ಕೇಳಿದ್ರು. ಹೂಂ ಅಂದ್ಳು. ಅಪ್ಪ ಮಗಳು ಒಂದೇ ತಟ್ಟೇಲಿ ಚಿಪ್ಸ್ ತಿಂದ್ರು. ನಾನು ತಂದ ಮೂರು ಕಾಫೀಲಿ ಎರಡು ಬೇರೆ ಯಾರದೋ ಆರ್ಡರ್ ಆಗಿತ್ತು, ಅದನ್ನೇ ಕುಡಿದ್ವಿ.

ವಾಪಸ್ ಬರೋವಾಗ ಡಾಕ್ಟ್ರು ಒಂದೇ ಸಲ ಮಾತಾಡಿದ್ದು. ಸಾಕಾಗ್ಯದ ಅಂದ್ರು. ಅವತ್ತು ಅದು ಬರೀ ಬಾಯಿ ಅಭ್ಯಾಸ ಆಗಿರ್ಲಿಲ್ಲ.

ಆಮೇಲೆ ಕೆಲವು ವಾರ ಆ ರೂಮಿನ ಬಾಗಿಲೇ ತೆಗೀಲಿಲ್ಲ. ಪೋರ್ಟರ್ ಬಂದು ಕೇಳೋರು, ಡಾಕ್, ಯಾವಾಗ ಬಿಡ್ತೀಯ ಆಲ್ಬಮ್, ನನಗೆ ವಯಸ್ಸಾಗ್ತಿದೆ ಅಂತ. ಕೊನೇ ಹಾಡು ತೆಗೆದುಬಿಡಿ ಅಂದೆ ನಾನು. ತೆಗೀಲಿಲ್ಲ. ಬೇರೆ ಯಾರನ್ನಾದ್ರೂ ಹಾಡಿಸಿ ಅಂದೆ. ಹಾಡಿಸ್ಲಿಲ್ಲ. ಈಗ ಆಲ್ಬಮ್ ಬಂದಿದೆ, ಎಲ್ರೂ ಕೇಳ್ಬಹುದು, ಹೆಚ್ಚು ಜನ ಏನೂ ಕೇಳಿಲ್ಲ. ಕೇಳಿದೋರು ಮಾತ್ರ ಒಂದೇ ಪ್ರಶ್ನೆ ಕೇಳ್ತಾರೆ: ಕೊನೇ ಹಾಡಲ್ಲಿ ಯಾಕೆ ಯಾರೂ ಹಾಡಿಲ್ಲ, ಬರೀ ಬೀಟ್ ಹೋಗ್ತಾನೇ ಇದೆಯಲ್ಲ, ಹಾಡೋರು ಕೈ ಕೊಟ್ರಾ ಅಂತ. ಸಂಘದಲ್ಲಿ ಕೆಲವರು ನಾನು ಫೈಲ್ ಅಳಿಸಿಬಿಟ್ಟೆ ಅಂತಾನೂ ಹೇಳ್ತಾರೆ. ನನ್ನ ಇತಿಹಾಸ ನೋಡಿದ್ರೆ ಆ ಅನುಮಾನ ತಪ್ಪಲ್ಲ. ಆದ್ರೆ ನಡೆದದ್ದು ಅದಲ್ಲ. ನಾನಲ್ಲೇ ಇದ್ದೆ, ಅದಕ್ಕೇ ಬರೀತಿದೀನಿ.

ಅಕ್ಟೋಬರ್ ಇರ್ಬೇಕು, ಒಂದು ಶನಿವಾರ ಬೆಳಿಗ್ಗೆ. ಡಾಕ್ಟ್ರು ತಾವಾಗಿಯೇ ಕರೆದಿದ್ರು, ಆ ಖೋಲಿ ಸ್ವಚ್ಛ ಮಾಡೋಣ ಬಾ ಅಂತ. ಕೌದಿ ಝಾಡಿಸ್ತಿದ್ವಿ. ಅಷ್ಟರಲ್ಲಿ ಅವರ ಫೋನಿಗೆ ಮಗಳ ಒಂದು ವಾಯ್ಸ್ ಮೆಸೇಜ್ ಬಂತು. ಕೈಯೆಲ್ಲ ಧೂಳು ಅಂತ ಡಾಕ್ಟ್ರು ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ರು.

"ಅಪ್ಪಾ, ನಾ ಕನ್ನಡದಾಗ ಮಾತಾಡ್ಲಿಕ್ಕತ್ತೀನಿ, ಯಾಕಂದ್ರ ನನ್ನ ಜೋಡಿ ಇರೂ ಹುಡುಗಿ ಇಲ್ಲೇ ಅಡಗಿ ಮನ್ಯಾಗ ನಿಂತಾಳ. ನನ್ನ ಹಾಲು ದಿನಾ ಕುಡೀತಾಳ ಅಪ್ಪಾ. ಕೇಳಿದ್ರ ನಗ್ತಾಳ. ಈಗೂ ನನ್ನ ನೋಡಿ ನಗ್ಲಿಕ್ಕತ್ತಾಳ, ನಾನೂ ನಗ್ಲಿಕ್ಕತ್ತೀನಿ, ನಾ ಅಮ್ಮನ ಜೋಡಿ ಮಾತಾಡ್ಲಿಕ್ಕತ್ತೀನಿ ಅಂತ ತಿಳ್ಕೊಂಡಾಳ. ಭಾಳ ಸಿಟ್ಟು ಬಂದದ. ಏನ್ ಮಾಡ್ಲಿ?"

ಹೀಗೇ ಇನ್ನೂ ಸ್ವಲ್ಪ ಹೊತ್ತು ಹೋಯ್ತು. ಹಾಲು, ಫ್ರಿಜ್ಜು, ಆ ಹುಡುಗಿಯ ಒದ್ದೆ ಟವಲ್ಲು. ನಡುನಡುವೆ ಪದ ಸಿಗದೆ ನಿಂತು, ಹುಡುಕಿ, ಸಿಕ್ಕಿದ ತಕ್ಷಣ ಓಡ್ತಿದ್ಳು. ಹದಿನೆಂಟು ವರ್ಷ ಆ ಮನೇಲಿ ಯಾರಿಗೂ ಕೇಳಿಸದ ಕನ್ನಡ. ಡಾಕ್ಟ್ರು ಕೈಯಲ್ಲಿ ಕೌದಿ ಹಿಡ್ಕೊಂಡು ಹಾಗೇ ನಿಂತಿದ್ರು. ಮುಗಿದ್ಮೇಲೆ ಮತ್ತೆ ಹಾಕಿದ್ರು. ಆಮೇಲೆ ಕೌದಿ ನೆಲಕ್ಕೆ ಬಿಟ್ಟು, ಕೈ ಕೂಡ ಒರೆಸ್ಕೊಳ್ಳದೆ, ಕಂಪ್ಯೂಟರ್ ಮುಂದೆ ಕೂತು ಅದನ್ನ ಕೊನೇ ಹಾಡಿನ ಬೀಟ್ ಮೇಲಿಟ್ರು.

ಏನು ಹೇಳ್ಲಿ. ಕೂತ್ಕೊಂಡ್ತು. ಕೂದಲೆಳೆಯಷ್ಟೂ ಸರಿಸೋ ಹಾಗಿರ್ಲಿಲ್ಲ. ಅವಳು ಪದಕ್ಕಾಗಿ ನಿಲ್ಲೋ ಕಡೆ ಬೀಟೂ ನಿಲ್ತಿತ್ತು. ನಾನು ಎಗರಿದ ರಭಸಕ್ಕೆ ಚಹಾ ಲೋಟ ಕೌದಿ ಮೇಲೆ ಬಿತ್ತು. ಇದೇ ಡಾಕ್ಟ್ರೇ, ಇನ್ನೇನೂ ಬೇಡ, ಫೋನ್ ಮಾಡಿ ಕೇಳಿ, ಈ ಸಲ ಖಂಡಿತ ಹೂಂ ಅಂತಾಳೆ ಅಂದೆ.

ಡಾಕ್ಟ್ರು ಹಾಡು ಪೂರ್ತಿ ಕೇಳಿದ್ರು. ಆಮೇಲೆ ಅವಳ ದನಿಯನ್ನ ಬೀಟ್ ಮೇಲಿಂದ ತೆಗೆದು, ಕಂಪ್ಯೂಟರಿಂದಾನೂ ಅಳಿಸಿದ್ರು.

"ಹೂಂ ಅಂತಾಳ. ಅದಕ್ಕಽ ಕೇಳೂದಿಲ್ಲ."

ನನಗೆ ಅರ್ಥ ಆಗ್ಲಿಲ್ಲ. ಆ ಹದಿನಾರು ಸಾಲಿಗೋಸ್ಕರ ಆಲ್ಬಮ್ಮೇ ತಡೆದಿಟ್ಟ ಮನುಷ್ಯ ನೀವು ಅಂದೆ. ಸ್ವಲ್ಪ ಜೋರಾಗೇ ಅಂದೆ.

"ತಮ್ಮಾ, ಇದು ಹಾಡು ಅಲ್ಲ, ಹಾಲಿನ ಸಲುವಾಗಿ ಕಳ್ಸ್ಯಾಳ. ಇವತ್ತು ಇದನ್ನ ತೊಗೊಂಡು ಅಲ್ಲಿ ಹಚ್ಚಿದ್ನಂದ್ರ, ನಾಳೆ ಮತ್ತ ಹಿಂಗ ಮಾತಾಡೂ ಮುಂದ, ಅಪ್ಪ ರೆಕಾರ್ಡ್ ಮಾಡ್ಲಿಕ್ಕತ್ತಾನೇನೊ ಅಂತ ಒಂದು ಸಲಾರೆ ಅಕಿಗೆ ಅನಸ್ತದ. ಅದು ನಂಗ ಬ್ಯಾಡ."

ಕೊನೇ ಹಾಡು ಹಾಗೇ ಹೋಗ್ಲಿ, ಯಾರೂ ಹಾಡೋದು ಬೇಡ ಅಂದ್ರು. ಅಷ್ಟು ಹೇಳಿ ಫೋನ್ ತಗೊಂಡ್ರು. ಕೌದಿ ಇಲ್ಲದ ಬೋಳು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಬಟನ್ ಒತ್ತಿ, "ನೋಡವಾ" ಅಂದ್ರು. ನಿಲ್ಲಿಸಿ ಅಳಿಸಿದ್ರು. ಮತ್ತೆ ಒತ್ತಿದ್ರು. ಬಾಟ್ಲಿ ಮ್ಯಾಲೆ ಹೆಸರು ಬರೀಬ್ಯಾಡ, ಜಗಳ ಆಗ್ತದ ಅಂದ್ರು. ಅದೂ ಸರಿ ಕಾಣ್ಲಿಲ್ಲ, ಅಳಿಸಿದ್ರು. ಒಂದಿನಾ ಚಹಾ ಮಾಡಿ ಅಕಿಗೂ ಒಂದು ಕಪ್ಪು ಕೊಟ್ಟು ನೋಡು, ಆಮ್ಯಾಲೆ ಕೇಳು ಅಂತ ಮತ್ತೆ ಶುರು ಮಾಡಿದ್ರು. ನಾನು ಒದ್ದೆಯಾದ ಕೌದಿ ಎತ್ಕೊಂಡು ಹೋಗಿ ಹಿತ್ತಲಲ್ಲಿ ಹರವಿದೆ, ಶೂ ಹಾಕ್ಕೊಂಡೆ, ಬಾಗಿಲು ಎಳ್ಕೊಂಡು ಟ್ರಾಮಿಗೆ ಹೊರಟೆ. ಮೇಲಿನ ಕಿಟಕಿ ತೆರೆದಿತ್ತು. ಡಾಕ್ಟ್ರು ಇನ್ನೂ ಹಾಲಿನ ಬಗ್ಗೆನೇ ಮಾತಾಡ್ತಿದ್ರು.